ಕೊಡುವುದೇ ದೊಡ್ಡದಾದರೆ ಈಸಿಕೊಳ್ಳುವುದು ಸಣ್ಣದಾ?

ಚರ್ಚಿನ ಕಡೆಯಿಂದ ಕಷ್ಟದಲ್ಲಿರುವವರ ಮನೆಗೆ ಅಕ್ಕಿ, ಔಷಧಿ ತಲುಪಿಸುವ ಗುಂಪಿನಲ್ಲಿ ನಾನೂ ಇದ್ದೇನೆ. ಹಾಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. "ತೆಗೆದುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚಿನ ಭಾಗ್ಯ ಅಂತ ನಿಮ್ಮ ಬೈಬಲ್‌ನಲ್ಲೇ ಇದೆಯಲ್ಲ, ಹಾಗಾದರೆ ಈಸಿಕೊಳ್ಳುವವರು ಕಡಿಮೆಯವರಾ?"

ಇದೆ, ನಿಜ. ಎಫೆಸ ಪಟ್ಟಣದ ಸಭೆಯ ಹಿರಿಯರಿಗೆ ವಿದಾಯ ಹೇಳುವಾಗ ಸಂತ ಪೌಲರು ಅದನ್ನು ಯೇಸುವಿನ ಮಾತು ಅಂತ ನೆನಪಿಸುತ್ತಾರೆ. ತಮಾಷೆ ಅಂದರೆ, ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಹುಡುಕಿದರೆ ಈ ಮಾತು ಎಲ್ಲೂ ಸಿಗುವುದಿಲ್ಲ. ಅಲ್ಲಿ ಸಿಗುವುದು ಈಸಿಕೊಳ್ಳುವ ಯೇಸು. ಬಾವಿಯ ಹತ್ತಿರ ಸಮಾರಿಯದ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾರೆ. ಊರೂರು ತಿರುಗುವಾಗ ಮಗ್ದಲದ ಮರಿಯಾ, ಯೊವಾನ್ನಾ, ಸುಸನ್ನಾ, ಇನ್ನೂ ಎಷ್ಟೋ ಹೆಂಗಸರು ತಮ್ಮ ಕೈಯಿಂದ ಖರ್ಚು ಹಾಕಿ ನೋಡಿಕೊಂಡರು ಅಂತ ಶುಭಸಂದೇಶಕಾರ ಲೂಕ ಬರೆಯುತ್ತಾರೆ. ಕೊನೆಗೆ ಸಮಾಧಿ ಕೂಡ ಇನ್ನೊಬ್ಬರದ್ದೇ.

ಕಡಿಮೆ ಅಲ್ಲ, ಕಷ್ಟ. ನನ್ನ ಉತ್ತರ ಇಷ್ಟೇ.

ಕೊನೆಯ ಊಟದ ರಾತ್ರಿ ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ, ಗುಡ್ ಫ್ರೈಡೇ ಹಿಂದಿನ ದಿನವಾದ ಪವಿತ್ರ ಗುರುವಾರ ನಮ್ಮ ಚರ್ಚಿನಲ್ಲಿ ಫಾದರ್ 12 ಜನರ ಪಾದ ತೊಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಆ 12 ಜನರಲ್ಲಿ ನಾನೂ ಒಬ್ಬನಾಗಬೇಕು ಅಂತ ಫಾದರ್ ಹೇಳಿದರು. ಅವತ್ತು ಬೆಳಿಗ್ಗೆ ಬಚ್ಚಲಲ್ಲಿ ಅರ್ಧ ಗಂಟೆ ಕೂತು, ಒಡೆದ ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದೆ. ಸಾಯಂಕಾಲ ಇನ್ನೊಬ್ಬರು ತೊಳೆಯುವ ಕಾಲಿಗೆ ಇಷ್ಟೆಲ್ಲ! ವಯಸ್ಸಾದ ಫಾದರ್ ನನ್ನ ಮುಂದೆ ಮಂಡಿಯೂರಿದಾಗ ಮಂಡಿ ಲಟಕ್ ಅಂದಿದ್ದು ನನಗೇ ಕೇಳಿಸಿತು. ತಡೆಯಲಾಗದೆ ಜಗ್ ಹಿಡಿದುಕೊಳ್ಳಲು ಕೈ ಚಾಚಿದೆ. "ಸುಮ್ನೆ ಕೂತ್ಕೊಳ್ಳಿ" ಅಂತ ಮೆಲ್ಲಗೆ ಗದರಿದರು. ನನ್ನ ಕಾಲು ನೀವು ತೊಳೆಯಲೇಬಾರದು ಅಂತ ಶಿಷ್ಯ ಪೇತ್ರ ಅವತ್ತು ಯೇಸುವಿನ ಮುಂದೆ ಹಟ ಹಿಡಿದದ್ದನ್ನು ಅಲ್ಲಿಯವರೆಗೆ ನಾನು ವಿನಯ ಅಂದುಕೊಂಡಿದ್ದೆ. ಅದು ಜಂಬ. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂತ ಯೇಸು ಅಷ್ಟು ಕಟ್ಟುನಿಟ್ಟಾಗಿ ಹೇಳಿದ್ದು ಸುಮ್ಮನೆ ಅಲ್ಲ.

ಎಲ್ಲರಿಂದಲೂ ಈಸಿಕೊಳ್ಳುವುದು ಕಷ್ಟ ಅಂತಲೂ ಅಲ್ಲ ಬಿಡಿ. ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಊರಿಗೆ ಬಂದ ನೆಂಟರಿಗೆಲ್ಲ ಇದನ್ನು ಹೆಮ್ಮೆಯಿಂದ ಹೇಳುತ್ತೇವೆ. ಬಡವರ ಕೈಯಿಂದ ಈಸಿಕೊಳ್ಳಬೇಕಾದಾಗಲೇ ನಮ್ಮ ಕೈ ಹಿಂದಕ್ಕೆ ಹೋಗುವುದು.

ಮಂಡ್ಯದ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ. ಅಕ್ಕಿ ಚೀಲ ಇಳಿಸಿ, ಫೋಟೋ ಗೀಟೋ ತೆಗೆಯದೆ (ಅಕ್ಕಿ ಕೊಟ್ಟು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ) ಹೊರಡುವಾಗ ಆಕೆ ಒಳಗೆ ಹೋಗಿ ಪೇಪರಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲ ತಂದರು. ಒಂದು ಅಚ್ಚಿನ ಮೇಲೆ ಇರುವೆ ಹರಿದಾಡುತ್ತಿತ್ತು, ಅದನ್ನು ಸೆರಗಿನ ತುದಿಯಿಂದ ಒರೆಸಿದರು.

"ಬೇಡಮ್ಮ, ನಿಮಗೇ ಇರಲಿ" ಅಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಚೀಲ ನೋಡಿದರು. "ಹಂಗಾರೆ ಆ ಅಕ್ಕೀನೂ ತಗಂಡೋಗಪ್ಪ."

ಬೆಲ್ಲ ಈಸಿಕೊಂಡೆ. ಮನೆಯಲ್ಲಿ ಪಾಯಸ ಆಯಿತು. ಈಗ ಆ ಕಡೆ ಹೋಗುವಾಗೆಲ್ಲ ಬ್ಯಾಗಿನಲ್ಲಿ ಒಂದು ಖಾಲಿ ಡಬ್ಬಿ ಇಟ್ಟುಕೊಂಡೇ ಹೋಗುತ್ತೇನೆ.