ಭಾಗವತರು ಬಾಯಿ ಬಿಡ್ತಾರೆ, ಪದ ಇಲ್ಲ

"ಭಾಗವತರು ಬಾಯಿ ಬಿಡ್ತಾರೆ ಮಾರಾಯ, ಪದವೇ ಇಲ್ಲ."

ಮಂಗಳವಾರ ಸಂಜೆ ಪಕ್ಕದ ಮನೆಯ ಅಜ್ಜ ಟ್ಯಾಬನ್ನು ಬೈರಾಸಿನಲ್ಲಿ ಸುತ್ತಿಕೊಂಡು ಬಂದು ಹೇಳಿದ್ದು ಇಷ್ಟೇ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಅವರಿಗೆ ಮಳೆಗಾಲವಿಡೀ ಆ ಹತ್ತು ಇಂಚಿನ ರಂಗಸ್ಥಳವೇ ಗತಿ. ಪದ, ಅಂದರೆ ಆಟದ ಹಾಡು, ಹೇಳುವ ಭಾಗವತರು ಜಾಗಟೆ ಬಡಿಯುತ್ತಿದ್ದಾರೆ, ಕತ್ತಿನ ನರ ಉಬ್ಬಿದೆ, ಪಕ್ಕದಲ್ಲಿ ಚೆಂಡೆಯವರ ಕೈ ಕಣ್ಣಿಗೆ ಸಿಗುತ್ತಿಲ್ಲ. ಕೇಳಿಸುತ್ತಿದ್ದದ್ದು ಮಾತ್ರ ಅಂಗಳದ ಕಪ್ಪೆ.

ಪೇಟೆಯ ಅಂಗಡಿ ಹುಡುಗ ಎರಡು ನಿಮಿಷ ನೋಡಿ, "ಸ್ಪೀಕರ್ ಹೋಗಿದೆ ಅಜ್ಜ, ರಿಪೇರಿಗಿಂತ ಹೊಸತೇ ಒಳ್ಳೇದು" ಅಂದನಂತೆ. ಇನ್ನೊಂದು ಫೈಲ್ ಹಾಕಿ ನೋಡುವಷ್ಟು ತಾಳ್ಮೆ ಅವನಿಗಿರಲಿಲ್ಲ. ಅದೇ ಟ್ಯಾಬಿನಲ್ಲಿ ವಾಟ್ಸಾಪಿಗೆ ಬಂದಿದ್ದ ಮರಿಮಗುವಿನ ವಿಡಿಯೋ ಒತ್ತಿದರೆ ಮಗುವಿನ ಅಳು ಮನೆ ತುಂಬಿತು. ಅಲ್ಲಿಗೆ ಸ್ಪೀಕರಿನ ಮೇಲಿದ್ದ ಆರೋಪ ಬಿದ್ದುಹೋಯಿತು. ಒಂದು ಫೈಲಿಗೆ ಶಬ್ದ ಬಂದು ಇನ್ನೊಂದಕ್ಕೆ ಬಾರದಿದ್ದರೆ ತಪ್ಪು ಯಂತ್ರದ್ದಲ್ಲ, ಫೈಲಿನದ್ದು ಅಥವಾ ಪ್ಲೇಯರಿನದ್ದು.

ಹೆಸರಿನ ಕೊನೆಯಲ್ಲಿ ಎಂಪಿ4 ಅಂತ ಇದ್ದರೆ ಎಲ್ಲ ಕಡೆ ಓಡುತ್ತದೆ ಅನ್ನುವುದು ದೊಡ್ಡ ಭ್ರಮೆ. ಎಂಪಿ4, ಎಂಕೆವಿ ಇವೆಲ್ಲ ಬರೀ ಬಾಟಲಿಗಳು. ಹಾರ್ಲಿಕ್ಸ್ ಬಾಟಲಿಯಲ್ಲಿ ಮಿಡಿ ಉಪ್ಪಿನಕಾಯಿ ಇರುವುದು ನಮ್ಮ ಯಾವ ಅಡುಗೆಮನೆಯಲ್ಲಿಲ್ಲ? ಬಾಟಲಿಯೊಳಗೆ ಚಿತ್ರ ಒಂದು ಕೋಡೆಕ್‌ನಲ್ಲಿ, ಅಂದರೆ ಒತ್ತಿ ಕಟ್ಟುವ ಒಂದು ಕ್ರಮದಲ್ಲಿ, ಇರುತ್ತದೆ, ಶಬ್ದ ಇನ್ನೊಂದರಲ್ಲಿ, ಎರಡನ್ನೂ ಬೇರೆಬೇರೆಯಾಗಿಯೇ ಬಿಡಿಸಬೇಕು. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿ ಅಜ್ಜನ ಫೈಲಿನ ಮಾಹಿತಿ ತೆರೆದಾಗ ಗುಟ್ಟು ಕಂಡಿತು: ಚಿತ್ರ ಎಚ್.264, ಶಬ್ದ ಎ52. ಎ52 ಅಂದರೆ ಎಸಿ-3, ಡಿವಿಡಿ ಕಾಲದ ಡಾಲ್ಬಿ ಡಿಜಿಟಲ್.

ಮೂಲ ಇದ್ದದ್ದು ನಾಲ್ಕು ಡಿವಿಡಿಗಳಲ್ಲಿ, ರಾತ್ರಿಯಿಡೀ ನಡೆದ ಎಂಟು ಗಂಟೆಯ ಆಟ. ಬೆಂಗಳೂರಿನ ಮೊಮ್ಮಗ ಅದನ್ನು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಪರಿವರ್ತಿಸಿ ಕಾರ್ಡಿಗೆ ತುಂಬಿಸಿ ಕೊಟ್ಟಿದ್ದ. ಚಿತ್ರವನ್ನು ಸರಿಯಾಗಿಯೇ ಮಾಡಿದ್ದಾನೆ, ಶಬ್ದದ ಜಾಗದಲ್ಲಿ ಮಾತ್ರ 'ಪಾಸ್‌ಥ್ರೂ' ಆರಿಸಿದ್ದಾನೆ. ಇದ್ದ ಹಾಗೇ ದಾಟಿಸು ಎಂದರ್ಥ. ಮುಟ್ಟದಿದ್ದರೆ ಗುಣಮಟ್ಟ ಉಳಿಯುತ್ತದೆ ಎಂಬ ಅವನ ಲೆಕ್ಕ ದೊಡ್ಡ ಟಿವಿ, ಆಂಪ್ಲಿಫೈಯರ್ ಇದ್ದವರಿಗೆ ಸರಿ. ಅಗ್ಗದ ಟ್ಯಾಬಿನ ಜೊತೆ ಬರುವ ಪ್ಲೇಯರ್‌ನಲ್ಲಿ ಎಸಿ-3 ಬಿಡಿಸುವ ಡಿಕೋಡರ್ ಎಷ್ಟೋ ಸಲ ಇರುವುದಿಲ್ಲ, ಅದಕ್ಕೆ ಬಹುಕಾಲ ಲೈಸೆನ್ಸಿನ ರಗಳೆ ಇತ್ತು. ಇಲ್ಲ ಎಂದು ಅದು ಬಾಯಿಬಿಟ್ಟು ಹೇಳುವುದೂ ಇಲ್ಲ. ಚಿತ್ರ ತೋರಿಸಿ ಸುಮ್ಮನಿರುತ್ತದೆ.

ಭಾಗವತರು ಬಾಯಿ ಬಿಡ್ತಾರೆ, ಪದ ಇಲ್ಲ. ಇದಕ್ಕಿಂತ ಖಚಿತವಾದ ದೂರು ಯಾವ ಸರ್ವಿಸ್ ಸೆಂಟರಿನ ಪುಸ್ತಕದಲ್ಲೂ ಸಿಗಲಾರದು. ಚಿತ್ರ ಸರಿಯಿದೆ, ಸಮಯ ಓಡುತ್ತಿದೆ, ಶಬ್ದ ಮಾತ್ರ ಇಲ್ಲ ಎಂದು ಮೂರು ಸಂಗತಿ ಅದರಲ್ಲಿವೆ. ಹುಡುಗ ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಸಾಕಿತ್ತು.

ಪರಿಹಾರ ಎರಡು. ಸುಲಭದ್ದು ವಿಎಲ್‌ಸಿ. ಅದರ ಹೊಟ್ಟೆಯೊಳಗೇ ಬಹುತೇಕ ಎಲ್ಲ ಡಿಕೋಡರ್‌ಗಳಿವೆ, ಟ್ಯಾಬಿನ ಹಂಗಿಲ್ಲ. ಮೊದಲ ಸಲ ತೆರೆದಾಗ ಫೈಲ್ ನೋಡಲು ಅನುಮತಿ ಕೇಳುತ್ತದೆ. ಅಲ್ಲಿ ಬೇಡ ಎಂದು ಒತ್ತಿದವರೇ ಆಮೇಲೆ 'ಪಟ್ಟಿ ಖಾಲಿ' ಎಂದು ಗೋಳಾಡುವುದು. ಎರಡನೆಯ ದಾರಿ ಫೈಲನ್ನೇ ಸರಿಮಾಡುವುದು: ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಕ್ಕೆ ಚಿತ್ರವನ್ನು ಕಾಪಿ ಮಾಡು, ಶಬ್ದವನ್ನಷ್ಟೇ ಟ್ಯಾಬುಗಳು ಬಿಡಿಸಬಲ್ಲ ಎಎಸಿ ಕೋಡೆಕ್‌ಗೆ, 160 ಕಿಲೋಬಿಟ್‌ನಲ್ಲಿ, ತಿರುಗಿಸು ಎಂದು ಹೇಳಬೇಕು. ಚಿತ್ರವನ್ನು ಮತ್ತೊಮ್ಮೆ ಅರೆಯುವ ಕೆಲಸ ಇಲ್ಲದ್ದರಿಂದ ಎರಡು ಗಂಟೆಯ ಫೈಲ್ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲೇ ಮತ್ತೆ ಮಾಡಿದರೆ ಚಿತ್ರ ಎರಡನೇ ಸಲ ಸವೆಯುತ್ತದೆ.

ನಾಲ್ಕರಲ್ಲಿ ಮೂರನೆಯ ಫೈಲ್ ವಿಎಲ್‌ಸಿಯಲ್ಲೂ ತೆರೆಯಲಿಲ್ಲ. ಇದು ಬೇರೆಯೇ ರೋಗ. ಎಂಪಿ4 ಫೈಲಿಗೆ ಒಂದು ಸೂಚಿ ಇರುತ್ತದೆ, ಯಾವ ಕ್ಷಣದ ಚಿತ್ರ ಎಲ್ಲಿದೆ ಎಂದು ಹೇಳುವಂಥದ್ದು, ಮೂವ್ ಆಟಂ ಎಂದು ಅದರ ಹೆಸರು. ಸಾಮಾನ್ಯವಾಗಿ ಅದು ಫೈಲಿನ ಬಾಲದಲ್ಲಿ ಕೂರುತ್ತದೆ. ಕಾಪಿ ಆಗುತ್ತಿರುವಾಗ ಕೇಬಲ್ ಎಳೆದರೆ ಕಡಿದುಹೋಗುವುದು ಆ ಬಾಲವೇ. ನೂರರಲ್ಲಿ 95 ಪಾಲು ಬಂದಿದ್ದರೂ ಪ್ಲೇಯರಿಗೆ ಬುಡ ಯಾವುದು ತಲೆ ಯಾವುದು ಗೊತ್ತಾಗುವುದಿಲ್ಲ. ಎಂಕೆವಿ ಆಗಿದ್ದರೆ ಬಂದಷ್ಟು ಓಡುತ್ತಿತ್ತು. ಕಂಪ್ಯೂಟರಿನಲ್ಲಿ ಎಷ್ಟು ಬೈಟ್, ಕಾರ್ಡಿನಲ್ಲಿ ಎಷ್ಟು ಬೈಟ್ ಎಂದು ಹೋಲಿಸಿದರೆ ಕಳ್ಳ ಸಿಗುತ್ತಾನೆ. ಮೊಮ್ಮಗನಿಂದ ಆ ಒಂದನ್ನು ಮತ್ತೆ ತರಿಸಿಕೊಂಡದ್ದಾಯಿತು.

ಅಜ್ಜನ ಮುಂದಿನ ಬೇಡಿಕೆ: "ನಾಲ್ಕು ತುಂಡು ಯಾಕೆ? ಚೌಕಿಪೂಜೆಯಿಂದ ಮಂಗಳದವರೆಗೆ ಒಂದೇ ಮಾಡು." ಲೆಕ್ಕ ಹಾಕಿ: ಚಿತ್ರ ಸೆಕೆಂಡಿಗೆ 1.5 ಮೆಗಾಬಿಟ್, ಎಂಟು ಗಂಟೆಗೆ ಸುಮಾರು 5.4 ಜಿಬಿ; ಶಬ್ದ ಸೇರಿ 6 ಜಿಬಿ. ಅವರ 32 ಜಿಬಿ ಕಾರ್ಡು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಕಾರ್ಡಿನಲ್ಲಿ 20 ಜಿಬಿ ಖಾಲಿ ಇದ್ದರೂ 'ಜಾಗ ಸಾಲದು' ಎನ್ನುವುದು ಇದರಿಂದಲೇ. ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಹಳೆಯ ಟ್ಯಾಬ್ ಅದನ್ನು ಓದಬೇಕಲ್ಲ. ಫೈಲ್‌ಗಳಿಗೆ 01, 02, 03, 04 ಎಂದು ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿದರೆ ವಿಎಲ್‌ಸಿಯಲ್ಲಿ ಒಂದಾದ ಮೇಲೊಂದು ನಡೆಸಬಹುದು. ನಡುವೆ ನಿದ್ದೆ ಬಂದರೆ ನಿಲ್ಲಿಸಿದ ಜಾಗವನ್ನೂ ಅದು ನೆನಪಿಡುತ್ತದೆ, ಬಯಲಾಟದಲ್ಲಿ ಈ ಸೌಕರ್ಯ ಇಲ್ಲ.

ಇನ್ನೊಂದು, ಡಿವಿಡಿಯ ಚಿತ್ರ 4:3ರದ್ದು. ಟ್ಯಾಬಿನ ಅಗಲಕ್ಕೆ ಎಳೆದು ಹಿಗ್ಗಿಸಿದರೆ ಸ್ತ್ರೀವೇಷವೂ ಬಣ್ಣದ ವೇಷದಷ್ಟು ದಪ್ಪ ಕಾಣುತ್ತದೆ. ಎರಡೂ ಬದಿ ಕಪ್ಪು ಬಿಟ್ಟರೆ ದುಡ್ಡು ದಂಡ ಎಂದು ತಿಳಿಯುವವರು ಬಹಳ. ಚಿತ್ರದ ಅಳತೆಯ ಗುಂಡಿ ಒತ್ತಿ ಮೂಲ ಅಳತೆಗೇ ಬಿಡಿ.

ಗುರುವಾರ ರಾತ್ರಿ ಎಲ್ಲ ಸಿದ್ಧವಾಗಿ, ಮಗಳು ಕೊಟ್ಟ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿ ಪದ ಶುರುವಾಯಿತು. ಅಜ್ಜ ಅರ್ಧ ನಿಮಿಷ ಕೇಳಿ ಹುಬ್ಬು ಗಂಟಿಕ್ಕಿದರು.

"ಕಾಲು ಮೊದಲು ಬೀಳ್ತದೆ, ಚೆಂಡೆ ಆಮೇಲೆ ಬರ್ತದೆ. ಯಾರು ಇವರು, ಕಲಿಯುವವರಾ?"

ಬ್ಲೂಟೂತ್‌ನಲ್ಲಿ ಶಬ್ದ ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಪಾಲು ತಡ ಆಗುವುದುಂಟು. ವಾರ್ತೆ ಓದುವವರ ತುಟಿಯಲ್ಲಿ ನಾವು ಅದನ್ನು ಗಮನಿಸುವುದೇ ಇಲ್ಲ. ವಿಎಲ್‌ಸಿಯ ಆಡಿಯೋ ಡಿಲೇ ತೆರೆದು ಕಳೆಯುವ ಗುರುತು ಒತ್ತುತ್ತಾ ಹೋಗಬೇಕು, ಒಂದು ಒತ್ತಿಗೆ 50 ಮಿಲಿಸೆಕೆಂಡ್. 100ಕ್ಕೆ ಅವರು ತಲೆಯಾಡಿಸಿ ಬೇಡ ಎಂದರು. 150ಕ್ಕೆ ಸುಮ್ಮನಿದ್ದರು. 200ಕ್ಕೆ ಬೆರಳು ಮಣೆಯ ಮೇಲೆ ತಾಳ ಹಾಕತೊಡಗಿತು. ಪರೀಕ್ಷೆಗೆಂದು ಇನ್ನೊಂದು ಸಲ ಒತ್ತಿದರೆ ಬೆರಳು ನಿಂತಿತು.

"ಈಗ ಚೆಂಡೆಯವ ಮುಂದೆ ಓಡಿದ. ಹಿಂದೆ ತಾ."