ಪ್ರಶ್ನೆ ಕೇಳುವವರು ಅಯ್ಯನವರೇ ಆದರೆ

ಸೇವೆಯಲ್ಲಿದ್ದುಕೊಂಡೇ ಪ್ರಾಯೋಗಿಕ ದೇವಶಾಸ್ತ್ರ, ಅಂದರೆ ಸಭೆಯ ದಿನನಿತ್ಯದ ಸೇವೆಯನ್ನು ದೇವರ ವಾಕ್ಯದ ಬೆಳಕಲ್ಲಿ ನೋಡುವ ಓದು, ಓದುತ್ತಿರುವ ಕಿರಿಯ ಸಭಾಪಾಲಕರು (ಜನ 'ಅಯ್ಯನವರು' ಅನ್ನುವ ಚರ್ಚಿನ ಪಾದ್ರಿಗಳು) ಸಂಶೋಧನೆಗೆ ಯಾವ ವಿಷಯ ತಗೊಳ್ಳಲಿ ಅಂತ ಕೇಳುತ್ತಿರುತ್ತಾರೆ. ನಿಮ್ಮ ವಾರದ ಕೆಲಸದಲ್ಲೇ ಇರುವ ಒಂದು ಸಣ್ಣ ವಿಷಯ ಹಿಡಿಯಿರಿ ಅನ್ನುತ್ತೇನೆ. ನಮ್ಮ ಕಡೆ ಕ್ರೈಸ್ತ ಸೇವೆ ಮಾಡಿದ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂತು. ಆ ಕಥೆ ಬರೆಯಲು ಇತಿಹಾಸಕಾರರಿದ್ದಾರೆ. ಇವತ್ತು ನಾವು ಭೇಟಿ ಕೊಡುವ ಮನೆಯಲ್ಲಿ ಏನು ನಡೆಯುತ್ತಿದೆ, ಯಾಕೆ ಹಾಗೆ, ದೇವರ ವಾಕ್ಯ ಏನು ಹೇಳುತ್ತದೆ, ಮುಂದೆ ನಾವೇನು ಮಾಡಬೇಕು? ನಮ್ಮ ಕೆಲಸ ಈ ನಾಲ್ಕು ಪ್ರಶ್ನೆಗಳದ್ದು.

ನಾನು ಆರಿಸಿಕೊಂಡಿದ್ದು ಸಾವಾದ ಮನೆಗೆ ಸಭಾಪಾಲಕರು ಕೊಡುವ ಭೇಟಿ.

ಇಲ್ಲಿ ದೊಡ್ಡ ತೊಡಕು ನಮ್ಮ ಸ್ಥಾನವೇ. ಅಂತ್ಯಕ್ರಿಯೆ ನಡೆಸಿದವರು ನಾವು, ನಾಳೆ ಮಗಳ ಮದುವೆ ನಡೆಸುವವರೂ ನಾವು. 'ನನ್ನ ಭೇಟಿಯಿಂದ ಸಮಾಧಾನ ಆಯ್ತಾ?' ಅಂತ ನಾವೇ ಕೇಳಿದರೆ 'ಭಾಳ ಚೊಲೋ ಆತ್ರಿ ಅಯ್ಯನೋರ' ಅಂತಲೇ ಬರುತ್ತದೆ. ಅದು ಸುಳ್ಳಲ್ಲ, ಮರ್ಯಾದೆ. ಹಾಗಾಗಿ ಬೇರೆ ಸಭೆಯ ಒಬ್ಬ ನಿವೃತ್ತ ಶಿಕ್ಷಕಿಯನ್ನು ಕೇಳಿಕೊಂಡೆ. ಮನೆಯವರ ಒಪ್ಪಿಗೆ ಪಡೆದು ಅವರು ಮಾತಾಡಿಸಿದರು. ಹೆಸರು, ಓಣಿ ತೆಗೆದ ಮೇಲಷ್ಟೇ ಬರಹ ನನ್ನ ಕೈಗೆ ಬಂತು.

ಒಬ್ಬ ಅಜ್ಜಿಯ ಮಾತು ಹೀಗಿತ್ತು: 'ಅಯ್ಯನೋರು ಬರ್ತಾರ, ಕುಂದರ್ತಾರ. ನಾ ಅವರ ಸುದ್ದಿ ತಗಿಯೂದ್ರಾಗ ಇವರು ಕಣ್ಣ ಮುಚ್ಚಿ ಪ್ರಾರ್ಥನಿ ಶುರು ಮಾಡಿರ್ತಾರ.' 'ಅವರ' ಅಂದರೆ ತೀರಿಹೋದ ಗಂಡ. ಈ ಒಂದು ಮಾತು ಇಡೀ ಸಂಶೋಧನೆಯ ದಿಕ್ಕು ತಿರುಗಿಸಿತು. ಮತ್ತೆ ಎಲ್ಲ ಬರಹ ತೆಗೆದು, ಮನೆಯವರ ಮಾತು ಎಲ್ಲಿ ನಿಂತಿತು, ಪ್ರಾರ್ಥನೆ ಎಲ್ಲಿ ಶುರುವಾಯಿತು ಅಂತ ಗುರುತು ಹಾಕುತ್ತಾ ಓದಿದೆ. ಗಡಿಬಿಡಿಯಲ್ಲಿ ಅರ್ಥ ಕಟ್ಟಬೇಡಿ. ಪಾದ್ರಿ ಆಂಟನ್ ಬಾಯ್ಸನ್ ತಾವೇ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. 1925ರಲ್ಲಿ ಅಮೆರಿಕದ ವುಸ್ಟರ್ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ತರಬೇತಿ ಶುರು ಮಾಡಿದರು. ಜೀವಂತ ಮನುಷ್ಯರನ್ನೂ ಗ್ರಂಥದಷ್ಟೇ ಗಮನವಿಟ್ಟು ಓದಬೇಕು ಅನ್ನೋದು ಅವರ ನಂಬಿಕೆ. ಅಜ್ಜಿಯ ಮಾತಿಗೆ ಆ ಗಮನ ಸಲ್ಲಬೇಕು, ಅಲ್ವಾ?

ವಾಕ್ಯದ ಕಡೆ ತಿರುಗಿದಾಗ, ಬೈಬಲಿನಲ್ಲಿ ಮಕ್ಕಳನ್ನೂ ಎಲ್ಲವನ್ನೂ ಕಳಕೊಂಡ ಯೋಬನ ಗೆಳೆಯರು ಸಿಕ್ಕರು. ಅವರು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತರು. ಬಾಯಿ ತೆರೆದು ವಿವರಣೆ ಕೊಡಲು ಹೊರಟ ಮೇಲೇ ಎಲ್ಲ ಕೆಟ್ಟಿತು. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಸಾವಿನ ಮನೆಯಲ್ಲಿ ನಾವು ಸಾಮಾನ್ಯವಾಗಿ ಓದುವುದು ದೇವರನ್ನು ಕುರುಬನೆಂದು ನಂಬಿ ಹಾಡುವ 23ನೆಯದು. ಅದು ಬೇಕೇ ಬೇಕು. ಆದರೆ ದೂರು, ಅಳು ಕೂಡ ಪ್ರಾರ್ಥನೆಯೇ ಅಂತ ಬೈಬಲ್ಲೇ ಒಪ್ಪಿಕೊಂಡಿದೆ.

ಈಗ ನಮ್ಮ ಸಭೆಯಲ್ಲಿ ಮನೆಗೆ ಹೋದ ಹಿರಿಯರು ಮೊದಲು ತೀರಿಹೋದವರ ಸುದ್ದಿ ಕೇಳುತ್ತಾರೆ. ಮನೆಯವರು 'ಇನ್ನ ಪ್ರಾರ್ಥನಿ ಮಾಡ್ರಿ' ಅಂದ ಮೇಲೆ ಪ್ರಾರ್ಥನೆ. ಬಂಧುಗಳೆಲ್ಲ ಊರಿಗೆ ಮರಳಿದ ಮೇಲೆ ಇನ್ನೊಂದು ಭೇಟಿಯೂ ಇದೆ. ಅದು ಸರಿಹೋಗುತ್ತಿದೆಯಾ ಅಂತ ಮನೆಯವರನ್ನು ಕೇಳಲು ಆ ಶಿಕ್ಷಕಿಯೇ ಮತ್ತೆ ಒಪ್ಪಿದ್ದಾರೆ.