ದಿನಚರಿ: ಬೆಲೋನ್‌ಗೂ ಒಂದು ಪ್ರೇಮಕಥೆ ಬೇಕಿತ್ತು

2024 ಜೂನ್ 16, ಭಾನುವಾರ
ಬೆಂಗಳೂರು

ಮಧ್ಯಾಹ್ನ ಅಕ್ಕ, ಭಾವ, ನಾನು ಕೂತು ‘ಲ ಪ್ಲಕಾರ್’ ನೋಡಿದೆವು. 2001ರ ಫ್ರೆಂಚ್ ಸಿನಿಮಾ, ಬರೆದು ನಿರ್ದೇಶಿಸಿದ್ದು ಫ್ರಾನ್ಸಿಸ್ ವೆಬೆರ್. ರಾತ್ರಿ ಊಟ ಮುಗಿದರೂ ಅದರ ಮಾತು ಮುಗಿಯಲಿಲ್ಲ, ಅದಕ್ಕೇ ಬರೀತಿದ್ದೇನೆ. ಕಥೆ ಪೂರ್ತಿ ಹೇಳ್ತೀನಿ, ಗೊತ್ತಾದರೂ ನೋಡುವ ಖುಷಿ ಕಡಿಮೆ ಆಗಲ್ಲ.

ಪಿಗ್ನೋನ್ ಒಬ್ಬ ಅಕೌಂಟೆಂಟ್. ಕೆಲಸ ಕಾಂಡೋಮ್ ತಯಾರಿಸುವ ಫ್ಯಾಕ್ಟರಿಯಲ್ಲಿ. ಹೆಂಡತಿ ಬಿಟ್ಟು ಹೋಗಿದ್ದಾಳೆ, ಮಗನಿಗೆ ಅಪ್ಪ ಅಂದರೆ ಬೇಜಾರು. ಶುರುವಿನಲ್ಲೇ ಕಂಪನಿಯವರೆಲ್ಲ ಗ್ರೂಪ್ ಫೋಟೋಗೆ ನಿಲ್ತಾರೆ, ಫ್ರೇಮಿನಲ್ಲಿ ಜಾಗ ಸಾಲಲ್ಲ, ಹೊರಗೆ ಉಳಿಯುವವನು ಇವನೇ. ಯಾರೂ ಬೇಕಂತ ತಳ್ಳಿದ್ದಲ್ಲ, ಅವನು ಅಲ್ಲಿದ್ದಾನೆ ಅಂತ ಯಾರ ತಲೆಗೂ ಬಂದಿಲ್ಲ ಅಷ್ಟೇ. ಆಮೇಲೆ ತನ್ನನ್ನು ಕೆಲಸದಿಂದ ತೆಗೀತಾರೆ ಅನ್ನೋ ಸುದ್ದಿ ಅವನಿಗೆ ಆಫೀಸಿನ ಟಾಯ್ಲೆಟ್ಟಿನಲ್ಲಿ ಕಿವಿಗೆ ಬೀಳುತ್ತೆ. ಎದುರಿಗೆ ಕರೆದು ಹೇಳುವ ಮರ್ಯಾದೆಯೂ ಇಲ್ಲ.

ಸಾಯೋಣ ಅಂತ ಬಾಲ್ಕನಿಗೆ ಬಂದವನನ್ನು ತಡೆಯೋದು ಪಕ್ಕದ ಮನೆಯ ವಯಸ್ಸಾದ ಬೆಲೋನ್. ಅವರೇ ಉಪಾಯವನ್ನೂ ಹೇಳ್ತಾರೆ. ಗೇ ಬಾರಿನಲ್ಲಿ ತೆಗೆದ ಒಂದು ಫೋಟೋಗೆ ಪಿಗ್ನೋನ್ ಮುಖ ಅಂಟಿಸಿ, ಹೆಸರಿಲ್ಲದೆ ಆಫೀಸಿಗೆ ಕಳಿಸೋದು. ಕಾಂಡೋಮ್ ಮಾರುವ ಕಂಪನಿ ಗೇ ಉದ್ಯೋಗಿಯನ್ನು ಮನೆಗೆ ಕಳಿಸಿದರೆ ಗೇ ಗಿರಾಕಿಗಳು ಸುಮ್ನೆ ಇರ್ತಾರಾ? ಲೆಕ್ಕ ಸರಿಯಾಗೇ ಇದೆ, ಮಾಲೀಕ ಹೆದರಿ ಅವನನ್ನು ಉಳಿಸಿಕೊಳ್ತಾನೆ.

ನನಗೆ ತುಂಬ ಇಷ್ಟವಾಗೋದು ಇದರ ಮುಂದಿನದು. ನೀವು ಏನೂ ನಟಿಸಬೇಡಿ, ಎಂದಿನ ಹಾಗೇ ಇರಿ ಅನ್ನೋದು ಬೆಲೋನ್ ಸಲಹೆ. ಪಿಗ್ನೋನ್ ಅದೇ ಕೋಟು, ಅದೇ ನಡಿಗೆ, ಅದೇ ಸಂಕೋಚದಲ್ಲಿ ಆಫೀಸಿಗೆ ಬರ್ತಾನೆ, ಆದರೆ ನಿನ್ನೆವರೆಗೆ ಅವನ ಮುಖವನ್ನೇ ಸರಿಯಾಗಿ ನೋಡದವರು ಇವತ್ತು ಅವನು ಕಾಫಿ ಲೋಟ ಹಿಡಿಯೋದರಲ್ಲೂ ಏನೋ ಕಂಡುಹಿಡಿದು ‘ನನಗೆ ಮೊದಲೇ ಗೊತ್ತಿತ್ತು’ ಅನ್ನೋ ಹಾಗೆ ಮಾತಾಡಿಕೊಳ್ತಾರೆ. ಡೇನಿಯಲ್ ಓಟೇ ಈ ಪಾತ್ರದಲ್ಲಿ ಹೆಚ್ಚು ಕಮ್ಮಿ ಏನೂ ಮಾಡೋದಿಲ್ಲ. ಅದೇ ಅವರ ದೊಡ್ಡತನ.

ಇನ್ನು ಅದೇ ಆಫೀಸಿನ ಸಾಂತಿನಿ. ಪಾತ್ರ ಮಾಡಿದ್ದು ಜೆರಾರ್ ದೆಪಾರ್ದ್ಯು. ರಗ್ಬಿ ಹುಚ್ಚಿನ ಒರಟ, ಗೇ ಜನರನ್ನು ಆಡಿಕೊಳ್ಳೋದೇ ಅವನಿಗೆ ತಮಾಷೆ. ‘ಇನ್ನು ಪಿಗ್ನೋನ್ ಜೊತೆ ಚೆನ್ನಾಗಿರು, ಇಲ್ಲಾಂದ್ರೆ ನಿನ್ನ ಕೆಲಸವೇ ಹೋಗುತ್ತೆ’ ಅಂತ ಜೊತೆಯವರು ಹೆದರಿಸ್ತಾರೆ. ಹೆದರಿದ ಸಾಂತಿನಿ ಪಿಗ್ನೋನ್‌ನನ್ನು ಊಟಕ್ಕೆ ಕರೀತಾನೆ, ಗುಲಾಬಿ ಬಣ್ಣದ ಸ್ವೆಟರ್ ತಂದುಕೊಡ್ತಾನೆ. ಮನೆಯಲ್ಲಿ ಹೆಂಡತಿಗೆ ಅನುಮಾನ, ಸಂಸಾರ ಮುರಿಯುತ್ತೆ, ಕೊನೆಗೆ ಅವನ ಮನಸ್ಸೇ ಕೆಡುತ್ತೆ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗುವಿನ ಜೊತೆಗೇ ಸಂಕಟ. ಇಷ್ಟು ವರ್ಷ ಗಂಡಸ್ತನ ಅಂತ ಅವನು ಹೊತ್ತು ತಿರುಗಿದ್ದು ಒಂದು ಸ್ವೆಟರಿಗೆ ಕಳಚಿ ಬೀಳುತ್ತಲ್ಲ!

ಪ್ರೀತಿ ಇರೋದು ಬರ್ಟ್ರಾಂಡ್ ಕಡೆ. ಪಿಗ್ನೋನ್‌ನ ಮೇಲಧಿಕಾರಿ. ಇಡೀ ಆಫೀಸು ನಂಬಿದ್ದನ್ನು ಅವಳು ನಂಬಲ್ಲ, ಸಾಕ್ಷಿ ಬೇಕು ಅವಳಿಗೆ. ಅಕ್ಕ ಇಲ್ಲೇ ಸಿನಿಮಾ ನಿಲ್ಲಿಸಿ, “ಇದು ನಮ್ಮ ಬೃಹನ್ನಳೆ ಕಥೆ ಅಲ್ವೇನೋ” ಅಂದಳು. ನೂರಕ್ಕೆ ನೂರು ನಿಜ. ವಿರಾಟನ ಅರಮನೆಯೂ ಕೆಲಸದ ಜಾಗವೇ. ಭೀಮ ಅಡುಗೆಮನೆಯಲ್ಲಿ, ಅರ್ಜುನ ನಾಟ್ಯಶಾಲೆಯಲ್ಲಿ, ಎಲ್ಲರೂ ಗುರುತು ಮುಚ್ಚಿಟ್ಟು ದುಡಿಯುವವರೇ. ಉತ್ತರೆಗೆ ಪಾಠ ಹೇಳೋಕೆ ಬಿಡುವ ಮೊದಲು ವಿರಾಟ ಹೆಂಗಸರ ಕೈಲಿ ಬೃಹನ್ನಳೆಯನ್ನು ಪರೀಕ್ಷೆ ಮಾಡಿಸ್ತಾನೆ ಅಂತ ವ್ಯಾಸಭಾರತದಲ್ಲಿದೆ. ಅಂದರೆ ಸಾಕ್ಷಿ ಕೇಳೋ ಚಾಳಿ ಹೊಸದಲ್ಲ. ಆದರೆ ಅಲ್ಲಿ ಗುಟ್ಟು ರಟ್ಟಾದ ಮೇಲೆ ಅರ್ಜುನ ಉತ್ತರೆಯನ್ನು ತಾನು ಮದುವೆಯಾಗಲ್ಲ, ಸೊಸೆ ಮಾಡಿಕೊಳ್ತಾನೆ. ಇಲ್ಲಿ ಪಿಗ್ನೋನ್‌ಗೆ ಬರ್ಟ್ರಾಂಡ್ ಸಿಗ್ತಾಳೆ.

ಈಗ ನನ್ನ ತಕರಾರು. ಬೆಲೋನ್ ನಿಜವಾಗಿಯೂ ಗೇ. ಆ ಕಾರಣಕ್ಕೇ ವರ್ಷಗಳ ಹಿಂದೆ ಅವರನ್ನು ಕೆಲಸದಿಂದ ತೆಗೆದಿದ್ದರು. ಅವರಿಗೆ ಕೆಲಸ ಕಳೆದ ಅದೇ ಸಂಗತಿ, ಅದೂ ಸುಳ್ಳಾಗಿ, ಇನ್ನೊಬ್ಬನ ಕೆಲಸ ಉಳಿಸುತ್ತೆ. ಇಡೀ ಸಿನಿಮಾದ ಎದೆ ಇರೋದು ಇಲ್ಲೇ ಅಂತ ನನ್ನ ನಂಬಿಕೆ. ಆದರೆ ಕೊನೆಗೆ ಪಿಗ್ನೋನ್‌ಗೆ ಕೆಲಸ, ಮಗನ ಗೌರವ, ಪ್ರೀತಿ ಎಲ್ಲ ಸಿಗುತ್ತೆ. ಪ್ಯಾರಿಸಿನ ಪ್ರೈಡ್ ಮೆರವಣಿಗೆಯಲ್ಲಿ ಕಂಪನಿಯ ವಾಹನದ ಮೇಲೆ, ತಲೆಗೆ ಕಾಂಡೋಮ್ ಆಕಾರದ ಟೋಪಿ ಹಾಕಿಕೊಂಡು ಕೂರುವವನೂ ಅವನೇ. ಉಪಾಯ ಕೊಟ್ಟವರಿಗೆ ಒಂದು ಪ್ರೀತಿಯೂ ಇಲ್ಲ.

“ಕಾಮಿಡಿ ಕಣಯ್ಯ, ಅಷ್ಟೊಂದು ಯೋಚಿಸಬೇಡ” ಅಂದರು ಭಾವ. ನಾನು ಒಪ್ಪಲಿಲ್ಲ. ಸಿನಿಮಾ ಬಂದ ವರ್ಷವೇ, 2001ರ ನವೆಂಬರಿನಲ್ಲಿ, ಫ್ರಾನ್ಸ್ ತನ್ನ ಕಾರ್ಮಿಕ ಕಾನೂನಿಗೆ ಲೈಂಗಿಕ ಒಲವನ್ನೂ ಸೇರಿಸಿತು, ಆ ಕಾರಣಕ್ಕೆ ಯಾರನ್ನೂ ತೆಗೆಯುವ ಹಾಗಿಲ್ಲ ಅಂತ. ಅಂದರೆ ಬೆಲೋನ್ ಥರದವರು ಆಗ ನಿಜವಾಗಿಯೂ ಇದ್ದರು. ನಮ್ಮಲ್ಲಿ ಗೇ ಸಂಬಂಧವನ್ನು ಅಪರಾಧ ಅಂತಿದ್ದ 377ನೇ ಸೆಕ್ಷನ್ನಿನ ಭಯ ಹೋಗಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಅದಾದ ಮೇಲೂ ನಮ್ಮ ಆಫೀಸುಗಳಲ್ಲಿ ಮದುವೆಯಾಗದೆ ನಲವತ್ತು ದಾಟಿದವರ ಬಗ್ಗೆ ಕಾಫಿ ಮಷಿನ್ ಹತ್ತಿರ ಏನೇನು ಪಿಸುಗುಟ್ಟುತ್ತಾರೆ ಅಂತ ಕೆಲಸಕ್ಕೆ ಹೋಗೋರಿಗೆಲ್ಲ ಗೊತ್ತು. ಪಿಗ್ನೋನ್ ಗೇ ಅಲ್ಲ ಅಂತ ಗೊತ್ತಾಗಿ ಆ ಪಿಸುಮಾತು ನಿಂತರೆ ಸಾಲದು. ಬೆಲೋನ್ ಗೇ ಅಂತ ಗೊತ್ತಿದ್ದೂ ಯಾರೂ ಪಿಸುಗುಟ್ಟದೆ, ಸೋಮವಾರ ಬೆಳಿಗ್ಗೆ ‘ಮನೇಲಿ ಹೇಗಿದ್ದಾರೆ’ ಅಂತ ಸುಮ್ನೆ ಕೇಳೋ ಆಫೀಸು ಬೇಕು ನನಗೆ.

ಅಕ್ಕ ನನ್ನ ಪಕ್ಷ. ಪಾತ್ರೆ ತೊಳೀತಾ ತೊಳೀತಾ ಬೆಲೋನ್‌ಗೆ ಕಥೆ ಕಟ್ಟೋಕೆ ಶುರು ಮಾಡಿದಳು, ಕಂಪನಿಯವರೇ ಕರೆದು ಸಲಹೆಗಾರರ ಕೆಲಸ ಕೊಡಬೇಕು, ಅಲ್ಲೇ ಯಾರಾದರೂ ಸಿಗಬೇಕು ಅಂತ. ಭಾವ ಸ್ವಲ್ಪ ಹೊತ್ತು ಬಿಟ್ಟು, “ಆಫೀಸಲ್ಲಿ ಬೇಡ, ಸಿಗೋನು ಒಬ್ಬ ಪಶುವೈದ್ಯ ಆಗಲಿ” ಅಂದರು. ಸಿನಿಮಾದಲ್ಲಿ ಬೆಕ್ಕಿನ ಮರಿ ಹೇಗೂ ಇದೆ, ಅದಕ್ಕೊಂದು ಚುಚ್ಚುಮದ್ದು ಹಾಕಿಸೋಕೆ ಹೋದರೆ ಆಯ್ತಲ್ಲ.